ಏಳನೇ ಓಣಿಯ ತೋಟಾ

ತಂಬಿಗೆ, ಚರಿಗೆ, ಹಾಲಿನ ಗಿಂಡಿ ಬೆಳಗಿ ಆಗಿ ದೇವರ ತಟ್ಟೆಯೊಂದು ಉಳಿದಿತ್ತು. ಅದನ್ನು ಪಕ್ಕಕ್ಕೆ ಸರಿಸಿ, ಸೆರಗಿನ ಗಂಟಿನಿಂದ ಬಂದೂಕಿನ ಎರಡು ಖಾಲಿ ತೋಟಾಗಳನ್ನು ಬಿಚ್ಚಿಕೊಂಡೆ. ಹಿತ್ತಾಳೆಯವು, ನನ್ನ ಕಿರುಬೆರಳಿನಷ್ಟು ಉದ್ದ. ಒಮ್ಮೆ ಹಾರಿಸಿದವಾದ್ದರಿಂದ ಹೊಗೆ ಹಿಡಿದು ಕಪ್ಪಾಗಿದ್ದವು. ನೆನೆಸಿದ ಹುಣಸೆಹಣ್ಣು ತೆಗೆದುಕೊಂಡು ಒಳಗೂ ಹೊರಗೂ ಉಜ್ಜತೊಡಗಿದೆ. ಹಿತ್ತಾಳೆ ಅಂದಮೇಲೆ ಹಿತ್ತಾಳೆ, ತಂಬಿಗೆಗೊಂದು ನ್ಯಾಯ ತೋಟಾಕ್ಕೊಂದು ನ್ಯಾಯ ಯಾಕಿದ್ದೀತು ಎಂದುಕೊಂಡಿದ್ದೆ.

"ಅಕ್ಕಾ, ಅದಕ್ಕೂ ಹುಣಸಿಹಣ್ಣೇನ್ರೀ?" ಹಿತ್ತಲ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ ಶೇವಂತಿ ನಕ್ಕಳು. ಅವಳು ನನ್ನ ನೆಗೆಣ್ಣಿ, ಮೈದುನ ಕಾಳಪ್ಪನ ಹೆಂಡತಿ. ಬಸಿರಿಗೆ ಎಂಟು ತಿಂಗಳು ತುಂಬಿತ್ತು.

"ಮತ್ತೇನ ಹಚ್ಚಲಿ, ಅರಿಶಿಣಾನ?"

"ಹಚ್ರಿ. ಹಚ್ಚಿ ಕುಂಕುಮಾನೂ ಇಡ್ರಿ. ನಾಳೆ ಗೌಡ್ರ ಎದುರಿಗೆ ಹಸೆಮಣಿ ಮ್ಯಾಲ ಕುಂದ್ರಸೋಣು."

ನಾನೂ ನಕ್ಕೆ. ನಗು ಮುಗಿಯುವಷ್ಟರಲ್ಲಿ ಅಂಗಳದ ಬೇವಿನ ಗಿಡದ ನೆರಳು ಅದರ ಬುಡಕ್ಕೇ ಬಂದು ನಿಂತಿತು, ಮೌನ ಇಳಿಯಿತು. ನನ್ನ ನಗು ಬಾಯಲ್ಲಿತ್ತು, ಸದ್ದು ಇರಲಿಲ್ಲ. ನಲ್ಲಿಯ ನೀರು ಬಕೆಟ್ಟಿಗೆ ಬೀಳುತ್ತಿತ್ತು, ಬೀಳುವುದು ಕಾಣುತ್ತಿತ್ತು. ಶೇವಂತಿ ಕೈಸನ್ನೆಯಲ್ಲೇ ನೀರು ಕೇಳಿದಳು, ಕೊಟ್ಟೆ.

ನಮ್ಮ ಊರಿನಲ್ಲಿ ದಿನಾ ಮಧ್ಯಾಹ್ನ ಹೀಗೇ. ಅದಕ್ಕೆ ತಕ್ಕ ಹಾಗೆ ನಾವು ಬದುಕು ಹೊಂದಿಸಿಕೊಂಡಿದ್ದೇವೆ. ತೊಟ್ಟಿಲಿನ ಕೂಸಿನ ಕಾಲಿಗೊಂದು ದಾರ, ಅದರ ಇನ್ನೊಂದು ತುದಿ ತಾಯಿಯ ಹೆಬ್ಬೆರಳಿಗೆ. ಕೂಸು ಒದ್ದಾಡಿದರೆ ದಾರ ಎಳೆಯುತ್ತದೆ. ಕಾಳಿನ ವ್ಯಾಪಾರದವರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಚೌಕಾಸಿ ಮಾಡುತ್ತಾರೆ. ಕುಕ್ಕರಿನ ಸೀಟಿಯನ್ನು ಕಣ್ಣಿನಿಂದ ಎಣಿಸುತ್ತೇವೆ. ಗಂಡ ಹೆಂಡಿರ ಜಗಳ ಅರ್ಧಕ್ಕೇ ನಿಂತು, ಎಷ್ಟೋ ಸಲ ಆಮೇಲೆ ಮುಂದುವರಿಯುವುದೇ ಇಲ್ಲ. ಅಕ್ಕಸಾಲಿಗ ಕಾಳಪ್ಪ ಮಾತ್ರ ಸುತ್ತಿಗೆ ಕೆಳಗಿಟ್ಟು ಮಲಗುತ್ತಾನೆ. ಬಂಗಾರವನ್ನು ಕಿವಿಯಿಂದ ಬಡಿಯಬೇಕು ಎನ್ನುತ್ತಾನೆ ಅವನು.

ಮೌನ ಪೂರ್ತಿ ಹೆಪ್ಪಾಗಲು ಒಂದು ತಾಸು ಬೇಕು. ಆಗ ದಾವಲ್ ಕಾಕಾ ಊರ ನಡುವಿನ ಹುಡೇವು ಹತ್ತುತ್ತಾರೆ. ಅದು ಕಲ್ಲಿನ ಗುಂಡನೆಯ ಗೋಪುರ. ಅಲ್ಲಿಂದ ಊರಾಚೆಯ ಕಲ್ಲುಗುಡ್ಡದ ಕಡೆಗೆ ಬಂದೂಕಿನಿಂದ ಏಳು ಈಡು ಹೊಡೆಯುತ್ತಾರೆ. ಒಂದೊಂದು ಈಡಿಗೆ ಒಂದೊಂದು ಓಣಿಯ ಮೌನ ಬಿರಿಯುತ್ತದೆ. ಏಳೂ ಒಂದರ ಬೆನ್ನಿಗೊಂದು ಬೀಳಬೇಕು, ನಡುವೆ ತಡವಾದರೆ ಬಿರಿದದ್ದು ಮತ್ತೆ ಕೂಡಿಕೊಳ್ಳುತ್ತದೆ. ಅದಕ್ಕೇ ಕಾಕಾನ ಕೈಯಲ್ಲಿರುವುದು ಕೊಂಡಿ ಬಂದೂಕು. ಹಿಡಿಯ ಕೆಳಗಿನ ಕೊಂಡಿಯನ್ನು ಎಳೆದು ಮುಚ್ಚಿದರೆ ಖಾಲಿ ತೋಟಾ ಹಾರಿಬಿದ್ದು ಹೊಸದು ಬಂದು ಕೂರುತ್ತದೆ, ಉಸಿರು ಬಿಡುವಷ್ಟರಲ್ಲಿ. ಬರೀ ಮದ್ದಿನ ಸದ್ದಿಗೆ ಮೌನ ಜಗ್ಗುವುದಿಲ್ಲ, ಸೀಸದ ಗುಂಡು ಗುಡ್ಡಕ್ಕೆ ಬಡಿಯಲೇಬೇಕು. ಈಡು ಬೀಳದ ಓಣಿ ಮರುದಿನ ಸೂರ್ಯ ಹುಟ್ಟುವವರೆಗೂ ಮೂಕವಾಗಿರುತ್ತದೆ.

ಆ ಅಳತೆಯ ತೋಟಾ ಮಾಡುವುದನ್ನು ದೂರದ ಕಾರ್ಖಾನೆ ನಿಲ್ಲಿಸಿತೆಂದು ಸುದ್ದಿ ಬಂದಾಗ ಪಂಚರು ಸಭೆ ಸೇರಿದರು. ಉಗ್ರಾಣದಲ್ಲಿದ್ದದ್ದು ಹೆಚ್ಚು ದಿನ ಬರಬೇಕೆಂದರೆ ದಿನಕ್ಕೊಂದು ಉಳಿಸಬೇಕು. ಯಾವುದನ್ನು ಉಳಿಸುವುದು ಎಂಬುದಕ್ಕೆ ಹೆಚ್ಚು ಚರ್ಚೆ ಆಗಲಿಲ್ಲ. ಅಡಿವೆಪ್ಪ ಗೌಡರು ಎದ್ದು ನಿಂತು ಹೇಳಿದರು, "ಏಳನೇ ಓಣಿ ಸಣ್ಣದು. ಹದಿನಾಕ ಮನಿ. ಹೊಂದಿಕೊಳ್ತಾರ."

ಏಳನೇ ಓಣಿ ನಮ್ಮದು.

ಹೊಂದಿಕೊಂಡೆವು ಕೂಡ. ಒಂದು ತಾಸು ಸುಮ್ಮನಿರುವವರಿಗೆ ಹದಿನೆಂಟು ತಾಸು ಸುಮ್ಮನಿರುವುದೇನು ದೊಡ್ಡದಲ್ಲ ಎಂದು ನಾನೇ ಹೇಳಹೊರಟಿದ್ದೆ. ಆದರೆ ಶೇವಂತಿಯ ಮುಖ ನೋಡಿ ಮಾತು ನುಂಗಿದೆ. ಎರಡು ವರ್ಷದ ಹಿಂದೆ ಅವಳ ಮೊದಲನೇ ಕೂಸು ಮೌನದ ತಾಸಿನಲ್ಲೇ ಹುಟ್ಟಿತ್ತು, ಆ ತಾಸು ಮುಗಿಯುವುದರೊಳಗೆ ಹೋಗಿತ್ತು. ಅದು ಅತ್ತಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವಳು ಅದರ ಬಗ್ಗೆ ಮಾತೇ ಆಡಿರಲಿಲ್ಲ. ಪಂಚರ ಸಭೆಯ ಮರುದಿನ ಬೆಳಿಗ್ಗೆ ಹಿಟ್ಟು ನಾದುತ್ತಾ, ನನ್ನ ಕಡೆ ನೋಡದೆ ಹೇಳಿದಳು, "ಈ ಸಲ ಅದರ ದನಿ ಕೇಳಬೇಕ್ರೀ ಅಕ್ಕಾ. ಬದುಕ್ಲಿ, ಬದುಕದಿರ್ಲಿ, ಒಂದ ಸಲ ದನಿ ಕೇಳಬೇಕು."

ಅಂದೇ ನಾನು ದಾವಲ್ ಕಾಕಾನ ಮನೆಗೆ ಹೋದೆ. ಕಾಕಾ ಬಂದೂಕಿಗೆ ಎಣ್ಣೆ ಒರೆಸುತ್ತಾ ಕುಳಿತಿದ್ದರು. ಖಾಲಿ ತೋಟಾ ಮತ್ತೆ ತುಂಬಲು ಬರುವುದಿಲ್ಲವೇ ಎಂದು ಕೇಳಿದೆ. ಅವರು ಎಣ್ಣೆಯ ಅರಿವೆ ಕೆಳಗಿಟ್ಟರು.

"ಬರ್ತೈತವ್ವ. ನಮ್ಮ ಉಸ್ತಾದ ತುಂಬತಿದ್ದ. ಅವನ ಪೆಟ್ಟಿಗಿ ನನ್ನ ಮಂಚದ ಕೆಳಗ ಐತಿ. ನನಗ ಕೈ ನಡಗತಾವು, ತಾಳ್ಮಿ ಇಲ್ಲ. ನಿನ್ನ ಗಂಡ ಇದ್ದಿದ್ರ ಮಾಡ್ತಿದ್ದ."

"ಅವರ ತ್ರಾಸು ನನ್ನ ಹತ್ರ ಐತಿ, ಕಾಕಾ."

ಅದು ನಿಜ. ಅಕ್ಕಸಾಲಿಗರಾಗಿದ್ದ ನನ್ನ ಗಂಡ ತೀರಿಕೊಂಡಾಗ ಬಿಟ್ಟುಹೋದದ್ದರಲ್ಲಿ ನಾನು ಯಾರಿಗೂ ಮುಟ್ಟಗೊಡದ ವಸ್ತು ಅದೊಂದೇ. ಗುಲಗಂಜಿ ತೂಗುವ ಸಣ್ಣ ತ್ರಾಸು. ಊದಿದರೆ ಅಲ್ಲಾಡುತ್ತದೆ. ಅವರು ತೂಗುವಾಗ ನಾನು ಹತ್ತಿರ ಕುಳಿತು ಉಸಿರು ಹಿಡಿಯುತ್ತಿದ್ದೆ. ಹದಿನಾರು ವರ್ಷ ಉಸಿರು ಹಿಡಿದವಳಿಗೆ ತೂಗಲು ಬರುವುದಿಲ್ಲವೇ?

ಗೌಡರನ್ನು ಕಾಕಾನೇ ಒಪ್ಪಿಸಿದರು. ಒಪ್ಪಿಗೆ ಅಂದರೆ ಇಷ್ಟು: ಎರಡು ಖಾಲಿ ತೋಟಾ, ಎರಡು ಕೇಪು, ಎರಡಕ್ಕೆ ಸಾಲುವಷ್ಟು ಮದ್ದು. "ತಂಬಿಗಿ ಬೆಳಗೋ ಕೈ, ಎಷ್ಟ ಬೆಳಗ್ತೈತಿ ನೋಡೋಣು," ಎಂದರಂತೆ ಗೌಡರು. ಕೇಪು ಎಂದರೆ ತೋಟಾದ ತಳದಲ್ಲಿ ಕೂರುವ ಅಕ್ಕಿ ಹಪ್ಪಳದ ಚೂರಿನಂಥ ಸಣ್ಣ ಬಟ್ಟಲು. ಬಂದೂಕಿನ ಮೊಳೆ ಅದಕ್ಕೆ ಬಡಿದಾಗ ಕಿಡಿ ಹುಟ್ಟಿ, ತೂತಿನ ಮೂಲಕ ಒಳಗಿನ ಮದ್ದಿಗೆ ಹೋಗುತ್ತದೆ. ಅದೊಂದನ್ನು ಮಾತ್ರ ಮನೆಯಲ್ಲಿ ಮಾಡಲು ಬರುವುದಿಲ್ಲ.

ಉಸ್ತಾದರ ಪೆಟ್ಟಿಗೆಯಲ್ಲಿ ಕೈಯಿಂದ ಒತ್ತುವ ಅಚ್ಚು, ಸೀಸ ಎರೆಯುವ ಚಿಮಟಾದಂಥದ್ದೊಂದು, ಒಂದು ಹರಿದ ಪುಸ್ತಕ ಇದ್ದವು. ಪುಸ್ತಕ ಇಂಗ್ಲಿಷಿನದು. ಶೇವಂತಿ ಹೈಸ್ಕೂಲು ಮುಗಿಸಿದವಳು, ಬೆರಳಿಟ್ಟು ಓದಿ ಹೇಳುತ್ತಿದ್ದಳು. ಗೊತ್ತಾಗದ ಕಡೆ ಚಿತ್ರ ನೋಡುತ್ತಿದ್ದೆವು. ಮದ್ದಿನ ತೂಕದ ಪುಟವನ್ನು ಮೂರು ಸಲ ಓದಿಸಿದೆ. "ಪುಸ್ತಕ ಹೇಳಿದ್ದಕ್ಕಿಂತ ಒಂದ ಕಾಳ ಸೈತ ಹೆಚ್ಚ ಬ್ಯಾಡ," ಎಂದು ಕಾಕಾ ನನ್ನ ಕೈ ಹಿಡಿದು ಹೇಳಿದ್ದರು. "ಅನ್ನಕ್ಕ ಒಂದ ಹಿಡಿ ಹೆಚ್ಚ ಹಾಕ್ತೀರಲ್ಲ, ಬಂದವರು ಉಂಡಾರು ಅಂತ, ಆ ಬುದ್ಧಿ ಇಲ್ಲಿ ತರಬ್ಯಾಡ." ಒಲೆ ಆರಿಸಿ, ದೇವರ ದೀಪವನ್ನೂ ಶಾಂತಮಾಡಿ, ಕಿಟಕಿಯ ಬೆಳಕಿನಲ್ಲಿ ಮದ್ದು ತೂಗಿದೆ. ಕೈಗೆ ಏನೋ ಒಂದು ಹಗುರ ಬಂದಿತ್ತು. ನನ್ನ ಕೆಲಸಗಳೆಲ್ಲ ಮುಗಿದೊಡನೆ ಅಳಿಸಿಹೋಗುವಂಥವು, ಉಂಡ ತಟ್ಟೆ, ಗುಡಿಸಿದ ಅಂಗಳ. ಇದೊಂದು ಮುಗಿದಮೇಲೆ ಇರುತ್ತದೆ ಅನ್ನಿಸಿತು.

ಸೀಸದ ಗುಂಡು ಎರೆದಾಗ ಅದರ ಮೂತಿ ಚಪ್ಪಟೆಯಾಗಿ ಬಂತು. ಅಚ್ಚು ಸವೆದಿದೆ ಎಂದುಕೊಂಡು, ಅಕ್ಕಸಾಲಿಗರ ಮನೆಯವಳಲ್ಲವೇ, ಅರ ಹಿಡಿದು ಮಲ್ಲಿಗೆ ಮೊಗ್ಗಿನ ಹಾಗೆ ಚೂಪು ಮಾಡಿದೆ. ಕಾಕಾ ನೋಡಿ ಹೌಹಾರಿದರು.

"ಏನ ಮಾಡಿದ್ಯವ್ವ! ಈ ಬಂದೂಕಿನ ಹೊಟ್ಟಿಯಾಗ ತೋಟಾ ಒಂದರ ಹಿಂದ ಒಂದ ಸಾಲಾಗಿ ಮಲಗಿರ್ತಾವು. ಹಿಂದಿಂದರ ಮೂತಿ ಮುಂದಿಂದರ ಕೇಪಿಗೆ ತಾಗಿರತೈತಿ. ಈಡ ಹೊಡದಾಗ ಬಂದೂಕ ಒದೀತೈತಿ. ಮೂತಿ ಚೂಪಿದ್ರ ಮುಂದಿನವನ ಬೆನ್ನಿಗೆ ಸೂಜಿ ಚುಚ್ಚಿದಂಗ. ನನ್ನ ಕೈಯಾಗ ಒಡದ ಹೋಗ್ತೈತಿ."

ಮತ್ತೆ ಕರಗಿಸಿ ಎರೆದೆ. ಚಪ್ಪಟೆ ಮೂತಿಯ ಗುಂಡನ್ನು ನೋಡುತ್ತಾ ಕುಳಿತಾಗ ನಗು ಬಂತು. ಹದಿನೆಂಟು ಜನರ ಮನೆಗೆ ಸೊಸೆಯಾಗಿ ಬಂದಾಗ ನನ್ನ ಅವ್ವ ಹೇಳಿ ಕಳಿಸಿದ್ದೂ ಇದನ್ನೇ, ಬೇರೆ ಮಾತಿನಲ್ಲಿ. ಸಾಲಿನಲ್ಲಿ ಇರುವವರು ಮೂತಿ ಚೂಪು ಮಾಡಿಕೊಳ್ಳಬಾರದು. ಆದರೆ ಆಕೆ ಹೇಳದೆ ಬಿಟ್ಟದ್ದೊಂದಿತ್ತು: ಚಪ್ಪಟೆ ಮೂತಿಯದೂ ಗುಡ್ಡದವರೆಗೆ ಹೋಗಿ ಬಡಿಯುತ್ತದೆ.

ಮೊದಲನೆಯ ತೋಟಾವನ್ನು ಕಾಕಾನ ಕೈಗೆ ಕೊಟ್ಟ ದಿನ ನಮ್ಮ ಓಣಿಯ ಹೆಂಗಸರೆಲ್ಲ ಮಾಳಿಗೆ ಹತ್ತಿದ್ದರು. ಬೇರೆ ಓಣಿಯ ಸದ್ದು ನಮಗೆ ಕೇಳುವುದಿಲ್ಲ, ಆದರೆ ಮೌನ ಬಿರಿದ ಓಣಿಯಿಂದ ಪಾರಿವಾಳಗಳು ಬೆದರಿ ಏಳುವುದು ಕಾಣುತ್ತದೆ. ಒಂದನೇ ಓಣಿಯಿಂದ ಎದ್ದವು. ಎರಡು, ಮೂರು, ನಾಲ್ಕು, ಐದು, ಆರು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಕಾಕಾ ಬಂದೂಕನ್ನು ಗುಡ್ಡದ ಕಡೆಗೇ ಹಿಡಿದು ಅಲ್ಲಾಡದೆ ನಿಂತಿದ್ದರು. ತಡವಾಗಿ ಹಾರುವ ತೋಟಾಗಳೂ ಇರುತ್ತವೆ, ಕೂಡಲೆ ಕೊಂಡಿ ಎಳೆಯಬಾರದು. ಬಹಳ ಹೊತ್ತು ಹಾಗೇ ನಿಂತು, ಆಮೇಲೆ ಎಳೆದರು. ಹಳದಿಯದೇನೋ ಹಾರಿ ಬಿತ್ತು. ನಮ್ಮ ಓಣಿಯ ಪಾರಿವಾಳಗಳು ಗೋಡೆಯ ಮೇಲೆ ಕಾಳು ಹೆಕ್ಕುತ್ತಲೇ ಇದ್ದವು.

ಆ ದಿನದ ಮೌನ ನನಗೆ ಅನುಕೂಲವೇ ಆಯಿತು, ಯಾರೂ ಏನೂ ಅನ್ನಲಾರದೆ ಹೋದರು. ಮರುದಿನ ಸೂರ್ಯ ಹುಟ್ಟಿದೊಡನೆ ಎದುರುಮನೆಯ ನೀಲವ್ವ ಬಾಕಿ ತೀರಿಸಿದಳು. "ಮಾನಕ್ಕ, ನಿನ್ನ ತೋಟಾ ಭಾಳ ನಾಚಿಕಿ ಸ್ವಭಾವದ್ದು ನೋಡು. ಗಂಡಸರ ಮುಂದ ಬಾಯಿ ಬಿಡಲಿಲ್ಲ."

"ನಿನ್ನ ಹತ್ರ ಒಂದ ವಾರ ಬಿಟ್ಟರ ಕಲೀತೈತಿ ಬಿಡು," ಎಂದೆ. ಓಣಿಯೆಲ್ಲ ನಕ್ಕಿತು. ನಾನೂ ನಕ್ಕು ಒಳಗೆ ಬಂದು, ಹಿಟ್ಟಿನ ಡಬ್ಬಿಯ ಹಿಂದೆ ಮುಖ ಮಾಡಿ ಅತ್ತೆ.

ಕಾಕಾ ಆ ತೋಟಾವನ್ನು ಜೋಪಾನವಾಗಿ ಬಿಚ್ಚಿ, ಗುಂಡು ಮದ್ದು ತೆಗೆದು ತಂದಿದ್ದರು. ಕೇಪು ಸಿಡಿದಿತ್ತು. ಕಿಡಿ ಹುಟ್ಟಿದೆ, ಒಳಗೆ ಹೋಗಿಲ್ಲ. ಏಕೆಂದು ಅವರಿಗೆ ತಿಳಿಯಲಿಲ್ಲ. ಕಾಳಪ್ಪ ಕೈ ಚಾಚಿ ಅದನ್ನು ಇಸಕೊಂಡ. ಇಷ್ಟು ದಿನ ಅವನು "ಅತ್ತಿಗಿ ಬಂಗಾರ ಬಿಟ್ಟು ಸೀಸ ಹಿಡದಾಳ" ಎಂದು ಬಂದವರ ಮುಂದೆ ಆಡಿಕೊಳ್ಳುತ್ತಿದ್ದವನು. ಕೇಪು ತೆಗೆದು ತೋಟಾವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಮಣಿ ತೂತಾಗಿಸುವ ಸಣ್ಣ ಸೂಜಿ ತಂದು ತಳದ ತೂತಿನೊಳಗೆ ತಿರುವಿದ. ಕಂದು ಬಣ್ಣದ ನಾರೊಂದು ಸೂಜಿಗೆ ಸುತ್ತಿಕೊಂಡು ಹೊರಗೆ ಬಂತು. ಗಟ್ಟಿಯಾಗಿ ಒಣಗಿತ್ತು. ಅವನು ಅದನ್ನು ಮೂಸಿ ನೋಡಿದ.

"ಅತ್ತಿಗಿ, ಇದು ಹುಣಸಿಹಣ್ಣು!"

ಅವನು ನಕ್ಕ ನಗುವಿಗೆ ಕುಳಿತಲ್ಲೇ ಮಗ್ಗುಲಿಗೆ ಬಿದ್ದ. ಕಾಕಾನೂ ನಕ್ಕರು. "ಬಂದೂಕಿಗೆ ಸಾರು ಬಡಿಸಿದ್ಯಲ್ಲವ್ವ," ಎಂದರು. ನಗು ನಿಂತಮೇಲೆ ಕಾಳಪ್ಪ ಕಣ್ಣೊರೆಸಿಕೊಂಡು ಆ ಸೂಜಿಯನ್ನು ನನ್ನ ಮುಂದಿಟ್ಟ. "ಹುಣಸಿಹಣ್ಣು ಹಚ್ರಿ, ಬ್ಯಾಡ ಅನ್ನಂಗಿಲ್ಲ. ಹಚ್ಚಿದಮ್ಯಾಲ ಬಿಸಿನೀರಾಗ ತೊಳೀರಿ, ಬಿಸಲಾಗ ಒಣಗಿಸ್ರಿ, ಸೂಜಿ ಆಡಸ್ರಿ. ಆಮ್ಯಾಲ ಹಿಂಗ ಬೆಳಕಿಗೆ ಹಿಡೀರಿ. ತೂತಿನ್ಯಾಗ ಸೂರ್ಯ ಕಂಡ್ರ ಸರಿ. ಬಂಗಾರದ ಗುಂಡಿನ ಸರದ ಒಂದೊಂದ ಗುಂಡೂ ನಾನು ಹಂಗ ನೋಡೋದು." ಅವನು ತನ್ನ ಕಸುಬಿನ ಒಂದು ಮಾತು ನನಗೆ ಹೇಳಿಕೊಟ್ಟದ್ದು ಅದೇ ಮೊದಲು.

ಇನ್ನು ಉಳಿದದ್ದು ಒಂದೇ ಕೇಪು. ಎರಡನೆಯ ತೋಟಾ ತುಂಬಿ, ಬಾಯಿ ಒತ್ತಿ ಗುಂಡನ್ನು ಬಿಗಿ ಮಾಡಿ, ಕಾಕಾನಿಗೆ ತೋರಿಸಿದೆ. "ನಾಳೆ ಹೊಡೀಲೇನು?" ಎಂದರು. ಹೊಡೆದು ನೋಡಿದರೆ ನನ್ನ ಕೈ ಸರಿಯೋ ತಪ್ಪೋ ಗೊತ್ತಾಗುತ್ತದೆ, ಆದರೆ ಇದ್ದದ್ದು ಮುಗಿಯುತ್ತದೆ. ಹೊಡೆಯದಿದ್ದರೆ ಗೊತ್ತಾಗುವುದು ಶೇವಂತಿಯ ಹೆರಿಗೆಯ ದಿನವೇ. ನಾನು ಒಬ್ಬಳೇ ತೀರ್ಮಾನಿಸುವಂಥದ್ದಲ್ಲ ಎನ್ನಿಸಿ ಓಣಿಯ ಹೆಂಗಸರಿಗೆ ಹೇಳಿದೆ. ಎಲ್ಲರಿಗೂ ಒಂದು ಸಂಜೆಯ ಮಾತು ಬೇಕಾಗಿತ್ತು. ನೀಲವ್ವನ ಮಗಳು ತವರಿಗೆ ಬಂದಿದ್ದಳು, ಎರಡು ದಿನದಲ್ಲಿ ಹೊರಡುವವಳು. ತಾಯಿ ಮಗಳು ಮಧ್ಯಾಹ್ನದ ಮೇಲೆ ಬರೀ ಮುಖ ನೋಡಿಕೊಂಡು ಕೂರುತ್ತಿದ್ದರು.

ನೀಲವ್ವನೇ ಮೊದಲು ಬಾಯಿ ತೆಗೆದಳು. "ಇಡು. ಶೇವಂತಿಗೆ ಇಡು. ನಾವು ಮುಂಜಾನಿ ಲಗೂ ಎದ್ದ ಮಾತಾಡ್ತೀವಿ."

ಹನ್ನೊಂದು ದಿನ ಹಾಗೆ ಕಳೆಯಿತು. ಹನ್ನೆರಡನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಶೇವಂತಿ ಗೋಡೆ ಹಿಡಿದು ನಿಂತಳು. ಕಾಳಪ್ಪ ಹುಡೇವಿನ ಕಡೆಗೆ ಓಡಿ ಕಾಕಾನಿಗೆ ತೋಟಾ ಕೊಟ್ಟು, ಅಲ್ಲಿಂದ ಸೂಲಗಿತ್ತಿ ತಿಮ್ಮವ್ವನನ್ನು ಕರೆತಂದ. ತಿಮ್ಮವ್ವ ಕಲ್ಲುಗುಡ್ಡದ ಬುಡದ ಗುಡಿಸಲಿನವಳು, ಕಲ್ಲು ಒಡೆಯುವವರ ಕಡೆಯವಳು. ಆಕೆ ಹೊಟ್ಟೆ ಮುಟ್ಟಿ, "ಊಟದ ಹೊತ್ತಿಗೆ," ಎಂದಳು.

ಮಧ್ಯಾಹ್ನ ಮೌನ ಇಳಿದಾಗ ನೋವು ಜೋರಾಗಿತ್ತು. ಶೇವಂತಿಯ ಬಾಯಿ ತೆರೆದಿತ್ತು, ಕೊರಳ ನರ ಉಬ್ಬಿತ್ತು, ಕೂಗು ಇರಲಿಲ್ಲ. ನನ್ನ ಕೈಯನ್ನು ಹಿಡಿದ ಅವಳ ಹಿಡಿತದಿಂದಲೇ ಎಷ್ಟು ಕೂಗುತ್ತಿದ್ದಾಳೆಂದು ಲೆಕ್ಕ ಹಾಕುತ್ತಿದ್ದೆ. ತಿಮ್ಮವ್ವನಿಗೆ ಮಾತ್ರ ಏನೂ ವ್ಯತ್ಯಾಸವಾದಂತೆ ಕಾಣಲಿಲ್ಲ. ಬೆರಳಿನಿಂದ ಶೇವಂತಿಯ ಮೊಣಕಾಲಿಗೆ ತಟ್ಟುತ್ತಾಳೆ, ಮುಕ್ಕು, ಬಲ ಹಾಕು ಎಂದು. ಅಂಗೈ ಊರುತ್ತಾಳೆ, ತಡಿ ಎಂದು. ಮಾತಿಗಿಂತ ಚೆನ್ನಾಗಿ ತಿಳಿಯುತ್ತಿತ್ತು.

ಕೋಣೆಯ ಕಿಟಕಿಯಿಂದ ಆಕಾಶದ ಒಂದು ತುಂಡು ಕಾಣುತ್ತಿತ್ತು. ಮೊದಲ ಪಾರಿವಾಳಗಳು ಎದ್ದವು. ಶೇವಂತಿಯೂ ನೋಡಿದಳು. ಎರಡು. ಮೂರು. ಅವಳ ಉಗುರು ನನ್ನ ಕೈಗೆ ಇಳಿಯಿತು. ನಾಲ್ಕು. ಐದು. ಬೆಳಕಿಗೆ ಹಿಡಿದಾಗ ತೂತಿನಲ್ಲಿ ಸೂರ್ಯ ಕಂಡಿತ್ತು. ನಿಜವಾಗಿ ಕಂಡಿತ್ತೇ, ಕಾಣಬೇಕೆಂದು ಕಂಡಿತ್ತೇ? ಆರು.

ಆಮೇಲೆ ಕೇಳಿದ್ದು ಅವಳ ಕೂಗಿನ ಅರ್ಧ ಭಾಗ.

ನಡುವಿನಿಂದ ಶುರುವಾದ ಕೂಗು. ಅದರ ಬೆನ್ನಿಗೆ ಹೊರಗೆ ನೀಲವ್ವನ ಕೇಕೆ, ಯಾರೋ ತಟ್ಟೆ ಬಡಿದದ್ದು, ಓಣಿಯ ನಾಯಿಗಳೆಲ್ಲ ಒಟ್ಟಿಗೆ. ಶೇವಂತಿ ಅಳುತ್ತಾ ನಗುತ್ತಾ, "ಅಕ್ಕಾ, ಹಾರಿತ್ರೀ, ನಿಮ್ಮ ತೋಟಾ ಹಾರಿತು," ಎನ್ನುತ್ತಿದ್ದಳು. "ಬಾಯಿ ಮುಚ್ಚಿ ಮುಕ್ಕ ತಂಗಿ, ತೋಟಾ ಆಮ್ಯಾಲ ನೋಡ್ಕೋವಂತಿ," ಎಂದು ತಿಮ್ಮವ್ವ ಗದರಿದಳು.

ಅರ್ಧ ತಾಸಿಗೆ ಹೆಣ್ಣುಕೂಸು ಹುಟ್ಟಿತು. ಹುಟ್ಟಿದ್ದೇ ಅತ್ತಿತು. ಕೆಟ್ಟ ದನಿ, ಒಡಕಲು, ಬೆಕ್ಕನ್ನು ತುಳಿದಂತೆ. ಶೇವಂತಿ ಕಣ್ಣು ಮುಚ್ಚಿ ಕೇಳುತ್ತಾ ಮಲಗಿದ್ದಳು. ಸಮಾಧಾನ ಮಾಡಲು ಹೋದ ನನ್ನನ್ನು ತಡೆದು, "ಅಳ್ಳಿ ಬಿಡ್ರಿ," ಎಂದಳು. ಬಾಗಿಲ ಹೊರಗೆ ಕಾಳಪ್ಪ ಗೋಡೆಗೆ ಹಣೆಯಿಟ್ಟು ನಿಂತಿದ್ದ.

ತಿಮ್ಮವ್ವನನ್ನು ನಾನೇ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಕೈಗೆ ನೀರು ಹಾಕಿದೆ. ಒಳಗೆ ಕೂಸು ಇನ್ನೂ ಅಳುತ್ತಿತ್ತು. ಆಕೆ ಕೈ ತೊಳೆಯುವುದನ್ನು ಮರೆತು ಕಿವಿಗೊಟ್ಟಳು.

"ಹೊತ್ತು ಇಳಿದಮ್ಯಾಲ ಹುಟ್ಟಿದ ಕೂಸಿನ ಅಳು ಕೇಳಿ ಭಾಳ ದಿನಾ ಆತು," ಎಂದಳು.

"ಯಾಕ, ನಿಮ್ಮ ಕಡೀ ಹುಟ್ಟಂಗಿಲ್ಲೇನು?"

"ಹುಟ್ಟತಾವ. ನಮ್ಮ ಕಡಿ ಮಧ್ಯಾಹ್ನ ಹುಟ್ಟಿದ ಕೂಸು ಮರುದಿನ ಮುಂಜಾನಿ ಅಳ್ತಾವ." ಹಲ್ಲು ತೋರಿಸಿ ನಕ್ಕಳು. ತಮಾಷೆಯಾಗಿಯೇ ಹೇಳಿದಳು. ಕೈ ತೊಳೆದು, ಎಲೆಯಡಿಕೆ ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ ಗುಡ್ಡದ ದಾರಿ ಹಿಡಿದಳು.

ಆ ಈಡು ಹಾರಿದ ಮೇಲೆ ಗೌಡರಿಗೆ ಬೇರೆ ಮಾತು ಉಳಿಯಲಿಲ್ಲ. ಉಗ್ರಾಣದಲ್ಲಿದ್ದ ಖಾಲಿ ತೋಟಾಗಳನ್ನೆಲ್ಲ ಮೂರು ಗೋಣಿಚೀಲದಲ್ಲಿ ನಮ್ಮ ಪಡಸಾಲೆಗೆ ಹಾಕಿಸಿದರು. ಕೇಪಿನ ಡಬ್ಬಿಗಳೂ ಮದ್ದೂ ಬಂದವು. "ಏಳೂ ನೀನ ತುಂಬವ್ವ," ಎಂದರು, ಚಹಾ ಕುಡಿದು ಹೋದರು. ಹಾಗೆ ಏಳನೇ ಓಣಿಗೆ ಈಡು ಮರಳಿತು. ನೀಲವ್ವ ಸಂಜೆ ಹೊತ್ತು ಬಂದು ತೋಟಾ ತೊಳೆಯುತ್ತಾಳೆ, ಬಾಯಿ ಒಂದು ಕ್ಷಣ ಸುಮ್ಮನಿರುವುದಿಲ್ಲ. ಶೇವಂತಿ ಕೂಸಿಗೆ ಹಾಲು ಕೊಡುತ್ತಾ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಸರಿಯಿದ್ದದ್ದನ್ನು ನನ್ನ ಕಡೆ ಉರುಳಿಸುತ್ತಾಳೆ.

ನಾನು ತೂಗುತ್ತೇನೆ. ತೂಗುವಾಗ ಮಾತ್ರ ಇಬ್ಬರನ್ನೂ ಹೊರಗೆ ಕಳಿಸುತ್ತೇನೆ.

ನಿನ್ನೆ ಕಾಕಾ ಮರುದಿನದ ತೋಟಾ ಒಯ್ಯಲು ಬಂದಾಗ, ಬಂದೂಕನ್ನು ಗೋಡೆಗೆ ಒರಗಿಸಿ ಕುಳಿತಿದ್ದರು. ಹೊರಗೆ ಬಿಸಿಲು ಇಳಿಯುತ್ತಿತ್ತು. ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಅದರ ಕಲ್ಲಿನ ಮುಖಕ್ಕೆ ಇಷ್ಟು ವರ್ಷ ಬಡಿದ ಗುಂಡುಗಳ ಗುರುತು, ಆ ಗುರುತಿನ ಕೆಳಗೆ ಗುಡಿಸಲುಗಳು, ಅವುಗಳ ಮೇಲೆ ಅಡಿಗೆಯ ಹೊಗೆ ಸದ್ದಿಲ್ಲದೆ ಏಳುತ್ತಿತ್ತು. ನಮ್ಮ ಗುಂಡುಗಳೆಲ್ಲ ಆ ಸೂರುಗಳ ಮೇಲಿಂದಲೇ ಹೋಗುತ್ತವೆ, ಏಳರಲ್ಲಿ ಒಂದೂ ಅವುಗಳ ಪಾಲಿನದಲ್ಲ.

"ಕಾಕಾ, ಈ ಬಂದೂಕಿನ್ಯಾಗ ಎಷ್ಟ ಹಿಡೀತಾವು?"

"ಹೊಟ್ಟಿಯಾಗ ಏಳು."

"ಏಳ ಅಷ್ಟ?"

"ಮೊದಲ ಒಂದನ್ನ ಬಾಯಿಗೆ ಏರಿಸಿ, ಆಮ್ಯಾಲ ಹೊಟ್ಟಿ ತುಂಬಿದ್ರ ಎಂಟ ಆಗ್ತಾವು. ಎಂದೂ ಬೇಕಾಗಿಲ್ಲ. ಯಾಕವ್ವ?"

"ಸುಮ್ನ ಕೇಳಿದೆ," ಎಂದೆ.

ಕಾಕಾ ಏಳು ತೋಟಾಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಒಳಗೆ ಶೇವಂತಿ ಕೂಸಿಗೆ ಏನೋ ಹೇಳುತ್ತಿದ್ದಳು, ಕೂಸು ಏನೋ ಹೇಳುತ್ತಿತ್ತು. ಬೆಳಕು ಇನ್ನೂ ಒಂದು ತೂಕಕ್ಕೆ ಸಾಕಾಗುವಷ್ಟಿತ್ತು. ನಾನು ಬಾಗಿಲು ಮುಂದೆ ಮಾಡಿ, ತ್ರಾಸನ್ನು ಮತ್ತೆ ಹತ್ತಿರ ಎಳೆದುಕೊಂಡೆ.